ಮೂರನೆಯ ತಟ್ಟೆ

ಒಮಾನಿನ ಒಂದು ಹಳ್ಳಿಯಲ್ಲಿ, ಒಂದು ಮನೆಯ ಹೆಂಗಸರ ಪಾಲಿನ ಅನ್ನವನ್ನು ನಾನು ಉಂಡಿದ್ದೇನೆ — ಗೊತ್ತಿದ್ದೂ ಉಂಡಿದ್ದೇನೆ.

ಇದನ್ನೇ ತಮಾಷೆ ಮಾಡಿ ಕೊಟ್ಟೂರಿನಿಂದ ಹಡಗಲಿಯವರೆಗೆ ಎಷ್ಟು ಮದುವೆಯೂಟಗಳಲ್ಲಿ ನಗಿಸಿದ್ದೇನೋ! ತೊಂಬತ್ತರ ದಶಕದ ಕೊನೆ. ಕೊಟ್ಟೂರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದ ನಾನು ಅದೇ ಕೆಲಸಕ್ಕೆ ಒಮಾನಿಗೆ ಹೋಗಿದ್ದೆ. ಖರ್ಜೂರದ ತೋಟದ ವಯಸ್ಸಾದ ಯಜಮಾನರೊಬ್ಬರು, ಪಂಪು ಸರಿಮಾಡಿದ್ದಕ್ಕೆ ಕೈಹಿಡಿದು ಊಟಕ್ಕೆ ಕರೆದೊಯ್ದರು. ನಾನು ಮಾಂಸ ಮುಟ್ಟುವುದಿಲ್ಲವೆಂದು ತಿಳಿದದ್ದೇ, ಆ ದಿನ ಇಡೀ ಮನೆಗೇ ಬೇಳೆ-ಅನ್ನ ಮಾಡಿಸಿದರು.

ನಮ್ಮ ಮನೆಗಳಲ್ಲಿ ತಟ್ಟೆಯಲ್ಲಿ ಅಗುಳು ಬಿಡುವುದಿಲ್ಲ. ಉಂಡಾದ ಮೇಲೆ ನೀರು ಹಾಕಿ, ತೊಳೆದು ಕುಡಿಯುತ್ತೇವೆ — ಪ್ರಸಾದವೆಂದು. ಹಾಗೇ ಮಾಡಿದೆ. ಅವರಿಗೆ ಖಾಲಿ ತಟ್ಟೆಯೆಂದರೆ ಅತಿಥಿಗೆ ಸಾಲಲಿಲ್ಲವೆಂದು ಅರ್ಥವಂತೆ. ಮತ್ತೆ ಬಡಿಸಿದರು. ಮತ್ತೆ ತೊಳೆದು ಕುಡಿದೆ. ಇಷ್ಟು ಹೇಳುವಷ್ಟರಲ್ಲಿ ಪಂಕ್ತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ನನ್ನ ಹೆಂಡತಿ ಬಸಮ್ಮ ಮಾತ್ರ ಒಮ್ಮೆ ಕೇಳಿದ್ದಳು: "ಅಲ್ರಿ, ಆ ಮನಿ ಹೆಣ್ಮಕ್ಳು ಆಮ್ಯಾಲೆ ಏನ್ ಉಂಡ್ರು?"

"ಅವ್ರಿಗೇನ್ ಕಮ್ಮಿ ಬಿಡು, ಸಾವ್ಕಾರ್ರು," ಅಂದುಬಿಟ್ಟೆ.

ಸುಳ್ಳು. ಎರಡನೆಯ ತಟ್ಟೆ ಮುಗಿದಾಗ, ಪರದೆಯ ಆಚೆ ಸೌಟು ಪಾತ್ರೆಯ ತಳ ಕೆರೆದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆ ಸದ್ದೇನು ನನಗೆ ಹೊಸದೇ? ನಮ್ಮವ್ವ ಎಲ್ಲರಿಗೂ ಬಡಿಸಿ, ಕೊನೆಗೆ ಹಾಗೆಯೇ ಕೆರೆದುಕೊಂಡು ಉಣ್ಣುತ್ತಿದ್ದಳು. ಯಜಮಾನರು ಮೂರನೆಯ ಸಲ ಬಡಿಸಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದಿದ್ದರೆ ಸಾಕಿತ್ತು — ಅದಕ್ಕೆ ಭಾಷೆ ಬೇಕಿರಲಿಲ್ಲ.

ಹಿಡಿಯಲಿಲ್ಲ. ಹೊಟ್ಟೆ ಮೊದಲ ತಟ್ಟೆಗೇ ತುಂಬಿತ್ತು. ಆದರೆ ತಿಂಗಳುಗಟ್ಟಲೆ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಬೇಯಿಸಿಕೊಂಡು, ಗೋಡೆ ನೋಡುತ್ತ ಉಂಡಿದ್ದೆ. ಎದುರಿಗೊಬ್ಬರು ಕೂತು, ಉಣ್ಣು ಉಣ್ಣು ಎಂದು ಕೈಸನ್ನೆ ಮಾಡುವುದು — ಎದ್ದರೆ ಮುಗಿದುಹೋಗುತ್ತಿತ್ತು. ಆ ಇನ್ನಷ್ಟು ಹೊತ್ತಿಗಾಗಿ ಪರದೆಯ ಆಚೆಯ ಹೆಂಗಸರ ಊಟ ಕಸಿದುಕೊಂಡೆ.

ನಾಲ್ಕನೆಯದು ಬರಲಿಲ್ಲ. ಯಜಮಾನರು ನನ್ನ ಖಾಲಿ ತಟ್ಟೆ ನೋಡಿ ತಲೆ ತಗ್ಗಿಸಿದರು. ಹೊರಡುವಾಗ ಒಂದು ಬುಟ್ಟಿ ಖರ್ಜೂರ ತಂದು ಕೈಗಿಟ್ಟರು — ತಪ್ಪು ತಮ್ಮದೇ ಎನ್ನುವವರಂತೆ. ಅದನ್ನೂ ತೆಗೆದುಕೊಂಡೆ.

ನಿನ್ನೆ ಬಸಮ್ಮನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಮೂರನೇದೂ ತೊಳದು ಕುಡುದ್ರೇನ್ರಿ?"

ಕುಡಿದೆ. ಒಂದು ಅಗುಳೂ ಬಿಡದಂತೆ.