ಆಫ್ ಆಗದ ಕಂಪ್ಯೂಟರೂ ನಮ್ಮ ನಿಧಾನಪ್ಪನವರೂ

ನಮ್ಮ ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರಿದ್ದಾರೆ. ಅಂಗಡಿಯ ಬೋರ್ಡಿನ ಮೇಲೆ ಅವರ ಹೆಸರು ದಪ್ಪ ಅಕ್ಷರದಲ್ಲೇ ಇದೆ, ಆದರೆ ಅದನ್ನು ಓದುವ ಉಸಾಬರಿಗೆ ಯಾರೂ ಹೋಗಿಲ್ಲ. ಎಲ್ಲರ ಬಾಯಲ್ಲೂ ಅವರು ನಿಧಾನಪ್ಪ. ಹಾಗೆ ಕರೆಯುವುದು ಅವರಿಗೆ ಗೊತ್ತಿಲ್ಲ ಎಂದು ನಾವು ಬಹಳ ಕಾಲ ನಂಬಿದ್ದೆವು. ಒಂದು ದಿನ ಪಕ್ಕದ ಮನೆಯಾಕೆ ಫೋನ್ ಮಾಡಿದಾಗ, "ಹೇಳಿ, ನಿಧಾನಪ್ಪನೇ ಮಾತಾಡ್ತಿರೋದು" ಅಂದರಂತೆ. ಆಕೆ ನಾಚಿಕೆಯಿಂದ ಫೋನ್ ಇಟ್ಟುಬಿಟ್ಟಳು.

ಅಂಗಡಿ ಎಂದರೆ ಒಂದು ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಳಗಿನ ಅರ್ಧದಲ್ಲಿ ನೆಟ್ಟಗೆ ನಿಲ್ಲುವಂತಿಲ್ಲ. ಇರುವ ಒಂದೇ ಒಳ್ಳೆಯ ಕುರ್ಚಿ ಗಿರಾಕಿಗೆ, ಅವರು ಹಳೆಯ ಪ್ರಿಂಟರಿನ ಮೇಲೆ ಮೆತ್ತೆ ಹಾಕಿಕೊಂಡು ಕೂರುತ್ತಾರೆ. ಮೊದಲು ಅವರು ಟೈಪ್‌ರೈಟರ್ ಮೆಕ್ಯಾನಿಕ್. ಚೀಲ ಹೆಗಲಿಗೆ ಹಾಕಿಕೊಂಡು ಆಫೀಸಿನಿಂದ ಆಫೀಸಿಗೆ ತಿರುಗಿದವರು. ಟೈಪ್‌ರೈಟರುಗಳು ಒಂದೊಂದಾಗಿ ಗುಜರಿ ಸೇರಿದ ಮೇಲೆ, ನಲವತ್ತೇಳನೆಯ ವಯಸ್ಸಿನಲ್ಲಿ ತಮ್ಮ ಮಗಳ ಓರಗೆಯವರ ಪಕ್ಕ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತರು. ವಿದ್ಯೆ ಹೊಸದಾದರೂ ಚಾಳಿ ಹಳೆಯದೇ ಉಳಿಯಿತು. ಟೈಪ್‌ರೈಟರ್ ಕೆಟ್ಟಿದೆ ಎಂದು ಯಾರಾದರೂ ಕರೆದರೆ ಅವರು ಸ್ಕ್ರೂಡ್ರೈವರ್ ತೆಗೆಯುತ್ತಲೇ ಇರಲಿಲ್ಲವಂತೆ. ದಿನಾ ಅದರ ಮುಂದೆ ಕೂರುವವರನ್ನೇ ಕೂರಿಸಿ, ಒಂದು ಪುಟ ಹೊಡೆಯಲು ಹೇಳಿ, ಯಂತ್ರವನ್ನು ಬಿಟ್ಟು ಅವರ ಕೈ ನೋಡುತ್ತಿದ್ದರಂತೆ. ಈಗಲೂ ಅಷ್ಟೆ. ಮೊದಲು ಕೇಳುತ್ತಾರೆ, ಆಮೇಲೆ ನೋಡುತ್ತಾರೆ, ತೀರಾ ಬೇಕಾದರೆ ಬಿಚ್ಚುತ್ತಾರೆ. ಅಷ್ಟರಲ್ಲಿ ಗಿರಾಕಿಗೆ ಆಕಳಿಕೆ ಬಂದಿರುತ್ತದೆ.

ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ನಿಂತವಳು. ಚೀಟಿಯ ಮೊದಲ ಎರಡು ಅಕ್ಷರ ಕಂಡರೆ ಸಾಕು, ಕೈ ಆಗಲೇ ಕಪಾಟಿಗೆ ಹೋಗಿರುತ್ತದೆ. ಗಿರಾಕಿ "ತಲೆ" ಅನ್ನುವಷ್ಟರಲ್ಲಿ ತಲೆನೋವಿನ ಮಾತ್ರೆ ಮುಂದಿಟ್ಟಿರುತ್ತೇನೆ. ಅದೇ ನನ್ನ ಜಾಣತನ ಎಂದು ಬೀಗುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದೀಯ ಎಂದು ಅಮ್ಮ ಹೇಳುವುದೂ ಸುಳ್ಳಲ್ಲ.

ಇನ್ನು ಅಪ್ಪನ ವಿಷಯ. ಅವರು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ ಅದು. ಅಚ್ಚುಕೂಟಕ್ಕೆ ಕಂಪ್ಯೂಟರ್ ಬಂದಾಗ ಅದರ ಕೀಬೋರ್ಡನ್ನೂ ಪಳಗಿಸಿದರು, ನಿವೃತ್ತರಾಗುವಾಗ ಅಂಥದ್ದೇ ಒಂದನ್ನು ಮನೆಗೂ ತಂದರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಎಡಗೈಯಲ್ಲಿ ಬರೆದರೆ ಅವರಿಗೇ ಓದಲಾಗುವುದಿಲ್ಲ. ಮೊಬೈಲ್ ಕೊಟ್ಟು ನೋಡಿದೆವು. ನಡುಗುವ ಬೆರಳು ಗಾಜಿಗೆ ತಾಗಿದರೆ ಒಂದು ಅಕ್ಷರದ ಜಾಗದಲ್ಲಿ ಆರು ಬೀಳುತ್ತಿದ್ದವು. ಕೊನೆಗೆ ಅವರ ಎಡಗೈ ತಾನಾಗಿಯೇ ಹಳೆಯ ಕೀಬೋರ್ಡಿನ ಮೇಲೆ ಹೋಯಿತು. ಗಟ್ಟಿಯಾಗಿ ಒತ್ತಬೇಕಾದ ಆ ಕೀಲಿಗಳು ಅವರ ಬೆರಳಿಗೆ ಹೇಳಿ ಮಾಡಿಸಿದಂತಿದ್ದವು. ಅಂದಿನಿಂದ ಊಟ ಸಾಕು ಎನ್ನುವುದರಿಂದ ಹಿಡಿದು ತಮ್ಮ ಅಚ್ಚುಕೂಟದ ನೆನಪುಗಳವರೆಗೆ ಎಲ್ಲವೂ ಆ ಕಂಪ್ಯೂಟರಿನ ಪರದೆಯ ಮೇಲೆಯೇ ಬರುತ್ತಿತ್ತು. ಅವರ ಕೈಗೆ ಒಗ್ಗಿದ ಹಳೆಯ ಟೈಪಿಂಗ್ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದು ದೊಡ್ಡ ಅಂಗಡಿಯವರು ಕೈಯೆತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಆ ಡಬ್ಬ ಸತ್ತರೆ ಅಪ್ಪನ ಬಾಯಿ ಕಟ್ಟಿದಂತೆ.

ಅಂಥ ಡಬ್ಬ ಆಫ್ ಆಗುವುದನ್ನು ನಿಲ್ಲಿಸಿತು.

ಸಂಜೆ ಅಪ್ಪ ಅದನ್ನು ತಾವೇ ಆಫ್ ಮಾಡಿ, ಪರದೆಯ ಗುಂಡಿ ಒತ್ತಿ, ಕೋಲೂರಿಕೊಂಡು ಊಟದ ಮೇಜಿಗೆ ಬರುತ್ತಿದ್ದರು. ಅರ್ಧ ಗಂಟೆ ಬಿಟ್ಟು ಅಮ್ಮ ಗೋಡೆಯ ಸ್ವಿಚ್ ತೆಗೆಯಲು ಹೋದರೆ ಮೇಜಿನ ಕೆಳಗಿನ ಡಬ್ಬ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಅಮ್ಮ ಎರಡು ಸಲ ಗದರಿ, ಪ್ಲಗ್ ಕಿತ್ತುಬಿಡುತ್ತಿದ್ದಳು. ಎರಡು ವಾರ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅಪ್ಪ ಮೂರು ತಿಂಗಳಿಂದ ಬರೆದಿದ್ದ ಫೈಲ್ ತೆರೆದರೆ ಅದರ ತುಂಬ ಬರೀ ಚೌಕಗಳು. ಅವತ್ತು ಅವರು ಏನನ್ನೂ ಟೈಪ್ ಮಾಡಲಿಲ್ಲ. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಇಡೀ ದಿನ ಕಿಟಕಿಯ ಕಡೆ ನೋಡುತ್ತ ಕೂತರು.

ನಾನು ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ನಿಧಾನಪ್ಪನವರ ಅಂಗಡಿಗೆ ಹೋದೆ. ಅವರು ಮೊದಲು ಅಪ್ಪನ ಉಳಿದ ಬರಹವನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟರು. ಕೆಟ್ಟ ಫೈಲ್ ಮಾತ್ರ ಕೊನೆಗೂ ಅವರ ಕೈಗೆ ದಕ್ಕಲಿಲ್ಲ. ಡಿಸ್ಕಿಗೆ ವಯಸ್ಸಾಗಿದೆ, ಇನ್ನು ನಾಲ್ಕು ಸಲ ಹೀಗೆ ಪ್ಲಗ್ ಕಿತ್ತರೆ ಮತ್ತೆ ಏಳುವುದಿಲ್ಲ ಎಂದು ನೇರವಾಗಿ ಹೇಳಿದರು. ಆಮೇಲೆ ಶುರುವಾಯಿತು ನೋಡಿ ಅವರ ನಿಧಾನ. ದಿನಕ್ಕೆ ಒಂದೇ ಬದಲಾವಣೆ. ಒಂದು ದಿನ ತಾನಾಗಿ ಶುರುವಾಗುವ ಪ್ರೋಗ್ರಾಮುಗಳನ್ನು ನಿಲ್ಲಿಸಿದರು, ಮರುದಿನ ವೈರಸ್ ಹುಡುಕುವುದನ್ನು, ಅದರ ಮರುದಿನ ಹಳೆಯ ಪ್ರಿಂಟರಿನ ಸಂಬಂಧ ಕಡಿದರು. ಪ್ರತಿ ಸಲವೂ ಆಫ್ ಮಾಡಿ ನೋಡಿ ಪುಸ್ತಕದಲ್ಲಿ ಬರೆದಿಟ್ಟರು. ಅವರ ಅಂಗಡಿಯಲ್ಲಿ ಅದು ಮೊದಲ ದಿನದಿಂದಲೂ ಹೇಳಿದ ಮಾತು ಕೇಳುವ ಮಗುವಿನ ಹಾಗೆ ಆಫ್ ಆಗುತ್ತಿತ್ತು. ಐದನೆಯ ದಿನ ನನ್ನ ತಾಳ್ಮೆ ಮುಗಿದು, ಸರಿಯಾಗಿದೆಯಲ್ಲ, ಕೊಡಿ ಎಂದು ಹೊತ್ತು ತಂದೆ. ಆ ಐದು ದಿನವೂ ಅಪ್ಪ ನಮ್ಮೊಂದಿಗೆ ಬರೀ ಕಣ್ಣಲ್ಲಿ ಮಾತಾಡಿದ್ದರು.

ಅದೇ ಸಂಜೆ ಮನೆಯಲ್ಲಿ ಡಬ್ಬ ಮತ್ತೆ ಗುಂಯ್ ಎಂದಿತು.

ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಾನು ಅವರ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಐದು ದಿನ ಕಡಲೆ ಎಣಿಸುತ್ತಿದ್ದಿರಾ ಎಂದೂ ಕೇಳಿದೆ. ಈಗ ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಅವರು ಕನ್ನಡಕ ತೆಗೆದು ಒರೆಸಿ, ನನ್ನ ಮಾತು ಪೂರ್ತಿ ಮುಗಿದ ಮೇಲೆ ಕೇಳಿದರು:

"ಮನೇಲಿ ಅದನ್ನ ಆಫ್ ಮಾಡೋದು ಯಾರು?"

"ಅಪ್ಪ."

"ಹಾಗಾದ್ರೆ ಅವರನ್ನ ಕೇಳ್ಬೇಕಿತ್ತು. ತಪ್ಪು ನಂದೇ."

"ಅವರಿಗೆ ಮಾತು ಬರಲ್ಲ."

"ಟೈಪ್ ಮಾಡೋಕೆ ಬರುತ್ತಲ್ಲಮ್ಮ," ಅಂದರು.

ಭಾನುವಾರ ಬೆಳಿಗ್ಗೆ ಮನೆಗೆ ಬಂದರು. ನಾನು ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿದೆ. ಅವರು ಅದರಲ್ಲಿ ಅಪ್ಪನನ್ನು ಕೂರಿಸಿ, ಅಡುಗೆಮನೆಯ ಮಣೆಯಂಥ ಸ್ಟೂಲನ್ನು ತಾವೇ ಎಳೆದು ಅವರ ಎಡಗಡೆ ಕೂತರು. ಅಪ್ಪನ ಕೈ ಕಾಣುವ ಕಡೆ. ಮಾತುಕತೆ ನನ್ನೊಂದಿಗೆ ಶುರುವಾಗುತ್ತದೆ ಎಂದುಕೊಂಡು ನಾನು ಎದುರಿಗೆ ನಿಂತಿದ್ದೆ. ಮನೆಗೆ ಬಂದ ವೈದ್ಯರು, ನೆಂಟರು, ಬ್ಯಾಂಕಿನವರು ಎಲ್ಲರೂ ಅಪ್ಪನನ್ನು ನೋಡಿ ನಕ್ಕು, ಪ್ರಶ್ನೆಯನ್ನು ಮಾತ್ರ ನನ್ನನ್ನೇ ಕೇಳುತ್ತಿದ್ದರು. ಇವರು ನನ್ನ ಕಡೆ ತಿರುಗಲಿಲ್ಲ.

"ಯಜಮಾನ್ರೇ, ಇದು ಹೇಗೆ ತೊಂದ್ರೆ ಕೊಡುತ್ತೆ, ನೀವೇ ಹೇಳಿ," ಅಂದರು.

ಅಪ್ಪನ ಬೆರಳು ಕೀಲಿಗಳ ಮೇಲೆ ಅಡ್ಡಾಡಿತು. "ನಾನು ಆಫ್ ಮಾಡಿದ" ಎಂದು ಪರದೆಯ ಮೇಲೆ ಬರುವಷ್ಟರಲ್ಲಿ ನಾನು ರೂಢಿಯಂತೆ ಶುರು ಮಾಡಿದೆ. ಅಪ್ಪ ಆಫ್ ಮಾಡಿಯೇ ಬರುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ, ಡಬ್ಬಕ್ಕೆ ವಯಸ್ಸಾಗಿದೆ, ಹೀಗೆ.

"ಅವರು ಹೇಳ್ಲಿ ಬಿಡಮ್ಮ," ಅಂದರು ನಿಧಾನಪ್ಪ.

ಗದರಿಕೆಯೇನೂ ಇರಲಿಲ್ಲ ಅದರಲ್ಲಿ. ಆದರೂ ನನ್ನ ಬಾಯಿ ಮುಚ್ಚಿತು. ಆಮೇಲೆ ಎಷ್ಟು ಹೊತ್ತು ಹಿಡಿಯಿತೋ. ಅಪ್ಪ ಒಂದು ಕೀಲಿ ಹುಡುಕುತ್ತಾರೆ, ಒತ್ತುತ್ತಾರೆ, ತಪ್ಪಾದರೆ ಅಳಿಸುತ್ತಾರೆ. ಅಮ್ಮ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತೆ. ನಿಧಾನಪ್ಪನವರು ಮಾತ್ರ ಬಸ್ಸಿಗೆ ಇನ್ನೂ ಹೊತ್ತಿದೆ ಎನ್ನುವವರ ಹಾಗೆ ಆರಾಮಾಗಿ ಕೂತಿದ್ದರು. ಕೊನೆಗೆ ಪರದೆಯ ಮೇಲೆ ಹೀಗಿತ್ತು:

"ನಾನು ಆಫ್ ಮಾಡಿದ ಮೇಲೆ ನಿಲ್ಲುತ್ತದೆ. ಬಟ್ಟೆ ಮುಚ್ಚಿದ ಕೂಡಲೇ ಮತ್ತೆ ಸದ್ದು ಬರುತ್ತದೆ."

"ನಾನು ಆಫ್ ಮಾಡಿದ" ಎಂಬ ಆ ಮೂರು ಪದಗಳನ್ನು ಆ ತಿಂಗಳು ನಾನು ಎಷ್ಟು ಸಲ ನೋಡಿರಲಿಲ್ಲ! ಪ್ರತಿ ಸಲವೂ "ಆಫ್ ಮಾಡಿದ್ರಿ ಅಪ್ಪ, ಗೊತ್ತು" ಎಂದು ಹೇಳಿ ಎದ್ದು ಹೋಗಿದ್ದೆ. ಇರುವ ಉತ್ತರವೆಲ್ಲ ನಾನು ಕೇಳದೆ ಬಿಟ್ಟ ಆ ಉಳಿದರ್ಧದಲ್ಲಿತ್ತು.

ದಿನಾ ಮಾಡುವ ಹಾಗೆ ಮಾಡಿ ತೋರಿಸಿ ಎಂದರು ನಿಧಾನಪ್ಪ. ಅಪ್ಪ ಕಂಪ್ಯೂಟರ್ ಆಫ್ ಮಾಡಿದರು. ಪರದೆ ಕಪ್ಪಾಯಿತು, ಡಬ್ಬದ ಫ್ಯಾನ್ ನಿಂತಿತು. ಅಪ್ಪ ಮಡಿಸಿಟ್ಟಿದ್ದ ಬಟ್ಟೆಯನ್ನು ಎಡಗೈಯಲ್ಲಿ ಕೊಡವಿ ಕೀಬೋರ್ಡಿನ ಮೇಲೆ ಎಳೆದರು, ಅಂಚು ನೇರ ಮಾಡಿದರು. ಮೇಜಿನ ಕೆಳಗೆ ಡಬ್ಬ ಗುಂಯ್ ಎಂದು ಎದ್ದಿತು.

ಅಚ್ಚುಕೂಟದಲ್ಲಿ ಸಂಜೆ ಕೆಲಸ ಬಿಡುವ ಮುಂಚೆ ಮೊಳೆಗಳ ಮೇಲೆ ಬಟ್ಟೆ ಮುಚ್ಚಬೇಕು, ಧೂಳು ಬಿದ್ದರೆ ಅಕ್ಷರ ಮಸುಕಾಗುತ್ತದೆ. ನಲವತ್ತು ವರ್ಷ ಹಾಗೆ ಮಾಡಿದ ಅಪ್ಪ ಕೀಬೋರ್ಡನ್ನು ಬರಿದೇ ಬಿಟ್ಟು ಏಳುವವರಲ್ಲ. ಮೊದಲೆಲ್ಲ ಮುಚ್ಚುತ್ತಿದ್ದದ್ದು ಹಗುರವಾದ ಬಟ್ಟೆ, ಅದು ಸೀಲಿಂಗ್ ಫ್ಯಾನಿನ ಗಾಳಿಗೆ ಜಾರಿ ಬೀಳುತ್ತಿತ್ತು. ತಿಂಗಳ ಹಿಂದೆ ಅಪ್ಪ ಅಮ್ಮನಿಂದ ಅದರ ಅಂಚಿನೊಳಗೆ ನಾಲ್ಕು ಸೀಸದ ಪಟ್ಟಿಗಳನ್ನು ಹೊಲಿಸಿದ್ದರು. ಅಚ್ಚುಕೂಟದಲ್ಲಿ ಮೊಳೆಗಳ ಸಾಲು ಸಾಲಿನ ನಡುವೆ ಇಡುತ್ತಿದ್ದ ಪಟ್ಟಿಗಳವು, ಕೆಲಸ ಬಿಡುವ ದಿನ ನೆನಪಿಗೆಂದು ಜೇಬಿನಲ್ಲಿ ಹಾಕಿಕೊಂಡು ಬಂದದ್ದು. ಆ ಭಾರದ ಅಂಚು ಕೀಬೋರ್ಡಿನ ಕೆಳಸಾಲಿನ ಮೇಲೆ ಬಿದ್ದು ಆ ಗಟ್ಟಿ ಕೀಲಿಗಳನ್ನೂ ಒತ್ತುತ್ತಿತ್ತು. ಯಾವುದಾದರೂ ಕೀಲಿ ಒತ್ತಿದರೆ ಆನ್ ಆಗುವ ಏರ್ಪಾಡು ಆ ಹಳೆಯ ಡಬ್ಬದಲ್ಲಿ ಮೊದಲಿನಿಂದಲೂ ಇತ್ತಂತೆ. ಅಂಗಡಿಗೆ ನಾನು ಒಯ್ದದ್ದು ಡಬ್ಬ ಮಾತ್ರ. ಕೀಬೋರ್ಡೂ ಬಟ್ಟೆಯೂ ಮನೆಯಲ್ಲೇ ಇದ್ದವು.

ಹೊಲಿದವಳು ತಾನೇ ಎಂದು ಅಮ್ಮನ ಮುಖ ಸಪ್ಪಗಾಯಿತು. ಆ ಪಟ್ಟಿಗಳನ್ನು ಈಗಲೇ ಬಿಚ್ಚಿ ಬಿಸಾಕುತ್ತೇನೆ ಎಂದು ನಾನು ಕತ್ತರಿಗೆ ಕೈ ಹಾಕಿದೆ. ನಿಧಾನಪ್ಪನವರು ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿ, ಒಳಗಿನ ಸೀಸದ ತೂಕ ನೋಡಿ, ಅಪ್ಪನ ಮುಖ ನೋಡಿದರು.

"ಬಟ್ಟೆ ಹಾಗೇ ಇರ್ಲಿ. ಅಭ್ಯಾಸ ಬದಲಾಯಿಸ್ಕೊಳ್ಳೋದಾದ್ರೆ ಮೆಷಿನ್ ಬದಲಾಯಿಸ್ಕೊಳ್ಲಿ," ಅಂದರು.

ಕಂಪ್ಯೂಟರ್ ಶುರುವಾಗುವಾಗ ಬರುವ ನೀಲಿ ಪರದೆಗೆ ಹೋಗಿ ಆ ಏರ್ಪಾಡನ್ನು ತೆಗೆದರು. ಎರಡು ನಿಮಿಷದ ಕೆಲಸ. ಆಮೇಲೆ ಮೂರು ಸಲ ಆಫ್ ಮಾಡಿಸಿ, ಮೂರು ಸಲವೂ ಅಪ್ಪನ ಕೈಯಿಂದಲೇ ಬಟ್ಟೆ ಮುಚ್ಚಿಸಿದರು. ಡಬ್ಬ ತುಟಿ ಪಿಟಕ್ಕೆನ್ನಲಿಲ್ಲ.

ಅವರು ಚೀಲ ಎತ್ತಿಕೊಂಡಾಗ ಅಪ್ಪ ಎಡಗೈಯಿಂದ ಅವರ ತೋಳು ಹಿಡಿದರು. ಮತ್ತೆ ಆನ್ ಮಾಡು ಎಂದು ನನಗೆ ಸನ್ನೆ ಮಾಡಿದರು. ಚೀಲ ಕೆಳಗಿಟ್ಟು ನಿಧಾನಪ್ಪ ಪುನಃ ಸ್ಟೂಲಿನ ಮೇಲೆ ಕೂತರು. ಈ ಸಲ ನಾನೂ ನೆಲದ ಮೇಲೆ ಕೂತೆ. ಗೋಡೆ ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆದ ಮೇಲೆ ಅಪ್ಪನ ಮಾತು ಪರದೆಯ ಮೇಲೆ ಪೂರ್ತಿಯಾಯಿತು:

"ಎರಡು ವರ್ಷದಲ್ಲಿ ನನ್ನ ಮಾತು ಮುಗಿಯುವ ತನಕ ಕೂತವರು ನೀವೊಬ್ಬರೇ."

ನಿಧಾನಪ್ಪನವರು ಅದನ್ನು ಎರಡು ಸಲ ಓದಿದರು. ನನ್ನ ನಿಧಾನಕ್ಕೆ ಎಲ್ಲರೂ ಬೈಯುವವರೇ, ಹೊಗಳಿದವರು ನೀವು ಮೊದಲು ಎಂದು ನಗಲು ನೋಡಿದರು, ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಪ್ಪನ ಮಾತು ಹೋಗಿತ್ತು ನಿಜ, ಆದರೆ ಉಳಿದದ್ದನ್ನು ದಿನಾ ಅರ್ಧಕ್ಕೆ ಕತ್ತರಿಸುತ್ತಿದ್ದವಳು ನಾನು. ಪ್ರೀತಿಯಿಂದಲೇ ಮಾಡಿದೆ ಎಂಬುದು ಸಮಾಧಾನವಲ್ಲ.

ಬಟ್ಟೆಯ ವಿಷಯ ಬರೆದಿಡಬಹುದಿತ್ತಲ್ಲ ಎಂದು ಆಮೇಲೊಂದು ದಿನ ಅಪ್ಪನನ್ನು ಕೇಳಿದೆ. ಒಮ್ಮೆ ಬರೆದಿಟ್ಟಿದ್ದರಂತೆ, ಆ ಹಾಳಾದ ಫೈಲಿನ ಕೊನೆಗೆ. ಅದು ಹೋದ ಮೇಲೆ, ನಾವೆಲ್ಲ ಅಷ್ಟು ಖಡಾಖಂಡಿತವಾಗಿ ಡಬ್ಬಕ್ಕೆ ವಯಸ್ಸಾಗಿದೆ ಎನ್ನುವಾಗ, ತಮಗೇ ತಮ್ಮ ಮೇಲೆ ಅನುಮಾನ ಬಂತಂತೆ.

ಆ ಡಬ್ಬ ಈಗಲೂ ನಮ್ಮ ಮನೆಯಲ್ಲಿ ಓಡುತ್ತಿದೆ. ನಿಧಾನಪ್ಪನವರು ತಿಂಗಳಿಗೊಮ್ಮೆ ಬಂದು ಅಪ್ಪನ ಬರಹವನ್ನು ನಕಲು ಮಾಡಿಕೊಡುತ್ತಾರೆ, ಮಾಡಿ ಮುಗಿದ ಮೇಲೂ ಒಂದು ಗಂಟೆ ಕೂತಿರುತ್ತಾರೆ. ಅವರ ಬೋರ್ಡನ್ನು ನಾನು ಓದಿದ್ದೇನೆ, ಎದುರಿಗೆ ಸಿಕ್ಕಾಗ ಆ ಹೆಸರಿನಿಂದಲೇ ಕರೆಯುತ್ತೇನೆ. ಆದರೂ ಮನಸ್ಸಿನಲ್ಲಿ ಅವರು ನಿಧಾನಪ್ಪನೇ. ಈಗ ಅದಕ್ಕಿಂತ ದೊಡ್ಡ ಬಿರುದು ನನಗೆ ಗೊತ್ತಿಲ್ಲ. ಅವರ ಋಣ ನಮ್ಮ ಮೇಲೆ ಸದಾ ಇರುತ್ತದೆ.

ಆ ಭಾನುವಾರ ಅವರು ಬಂದುಹೋದ ಮರುದಿನ ಸಂಜೆ ಕೆಲಸದಿಂದ ಬಂದವಳು ನಾನು ಚಹಾದ ಲೋಟ ಹಿಡಿದು ಅದೇ ಸ್ಟೂಲಿನ ಮೇಲೆ, ಅಪ್ಪನ ಎಡಗಡೆ ಕೂತೆ. ಮೊದಲ ಅಕ್ಷರಕ್ಕೇ ಮುಂದಿನದು ಬಾಯಿಗೆ ಬಂತು. ತುಟಿ ಕಚ್ಚಿಕೊಂಡೆ. ಅಪ್ಪ ಓರೆಗಣ್ಣಿನಲ್ಲಿ ನನ್ನನ್ನು ನೋಡಿ, ಬೇಕೆಂದೇ ಇನ್ನಷ್ಟು ನಿಧಾನ ಮಾಡಿದರು ಎಂದು ಈಗಲೂ ನನ್ನ ಗುಮಾನಿ. ಕೊನೆಯ ಚುಕ್ಕಿ ಬೀಳುವ ತನಕ ನಾನು ಉಸಿರೆತ್ತಲಿಲ್ಲ.

"ನಿನ್ನ ಚಹಾ ತಣ್ಣಗಾಯಿತು. ಬಿಸಿ ಮಾಡಿಕೊಂಡು ಬಾ, ಇನ್ನೂ ಹೇಳುವುದಿದೆ."

ನಾನು ಬಿಸಿ ಮಾಡಿಕೊಂಡು ಬಂದು ಕೂತೆ.