ಹದಿನಾಲ್ಕು ಗಂಟಿನ ಪುಸ್ತಕ

ನಮ್ಮ ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೊಳವೆಗಳ ಗೆರೆ ಎಳೆದವರನ್ನು ಎಲ್ಲರೂ ಪೆನ್ಸಿಲಣ್ಣ ಎಂದೇ ಕರೆಯುತ್ತಿದ್ದರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಅದರ ಮೊನೆ ಮೊಂಡಾಗಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅದೇ ಕಟ್ಟಡದ ಕೆಳಮಹಡಿಯ ಪ್ರಯೋಗಾಲಯದಲ್ಲಿ ನನ್ನದು ನೀರು ಪರೀಕ್ಷೆಯ ಕೆಲಸ. ಯಾವುದಾದರೂ ಬೀದಿಯ ನೀರು ಕೆಟ್ಟಿದ್ದರೆ ಅಲ್ಲಿಗೆ ಯಾವ ಕೊಳವೆ ಹೋಗಿದೆ ಎಂದು ಕೇಳಲು ಮೆಟ್ಟಿಲು ಹತ್ತುತ್ತಿದ್ದೆ. ಅವರು ನಕ್ಷೆ ಬಿಚ್ಚದೆಯೇ ಕೊಳವೆಯ ಅಗಲ, ಹೂತ ವರ್ಷ, ಎಲ್ಲಿ ತಿರುವು ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದರು. ಅನುಮಾನಕ್ಕೆ ಆಮೇಲೆ ನಕ್ಷೆ ಬಿಚ್ಚಿ ನೋಡಿದರೆ ಎಳ್ಳಷ್ಟೂ ತಪ್ಪಿರುತ್ತಿರಲಿಲ್ಲ.

ಅವರು ಕಾದಂಬರಿ ಬರೆಯಲು ಹೊರಟಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಪರಿಚಯವಾಗಿ ಆರನೆಯ ವರ್ಷದಲ್ಲಿ. ಒಂದು ಭಾನುವಾರ ಮನೆಗೆ ಕರೆದು, ಊಟದ ಮೇಜಿನ ಮೇಲಿದ್ದುದನ್ನೆಲ್ಲ ಪಕ್ಕಕ್ಕಿಟ್ಟು, ಆರು ಅಡಿ ಉದ್ದದ ನಕ್ಷೆಯ ಹಾಳೆ ಹರಡಿದರು. ಇಪ್ಪತ್ತೆರಡು ಅಧ್ಯಾಯಗಳಿಗೆ ಇಪ್ಪತ್ತೆರಡು ವೃತ್ತ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಗೆರೆ. ಇಬ್ಬರು ಭೇಟಿಯಾಗುವಲ್ಲಿ ಕೊಳವೆಗಳು ಕೂಡುವ ಗುರುತು. ಒಬ್ಬರು ಇನ್ನೊಬ್ಬರಿಂದ ಏನನ್ನೋ ಮುಚ್ಚಿಡುವಲ್ಲಿ ಮುಚ್ಚಿದ ವಾಲ್ವಿನ ಗುರುತು. ಆ ನಕ್ಷೆಗೆ ಒಂಬತ್ತು ವರ್ಷ ಹಿಡಿದಿತ್ತು. ಕಾದಂಬರಿಯ ಒಂದು ಸಾಲನ್ನೂ ಬರೆದಿರಲಿಲ್ಲ.

ಅದೇ ಮನೆಯ ಮುಂದಿನ ಕೋಣೆಯಲ್ಲಿ ಅವರ ತಂಗಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಶಾಲೆಯ ಸಮವಸ್ತ್ರ, ಹೋಟೆಲುಗಳ ಪರದೆ ಹೊಲಿಯುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅಣ್ಣನಿಗೆ ಮಾತ್ರ ಐವತ್ತನಾಲ್ಕರಲ್ಲೂ ಅವರು ಪುಟ್ಟಿ. ಹೊಲಿಗೆಯ ಬಿಡುವಿನಲ್ಲಿ ಅಕ್ಕ ಹನ್ನೊಂದು ಕಾದಂಬರಿ ಬರೆದಿದ್ದರು, ಹನ್ನೊಂದೂ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದವು. ಮುಂದಿನ ವಾರ ಏನಾಗುತ್ತದೆ ಎಂಬುದು ಈ ವಾರ ಅವರಿಗೇ ಗೊತ್ತಿರುತ್ತಿರಲಿಲ್ಲ. ಆರನೆಯ ಕಾದಂಬರಿಯಲ್ಲಿ ನಾಲ್ಕನೇ ವಾರ ಸತ್ತ ಮಾವನೊಬ್ಬ ಹನ್ನೊಂದನೇ ವಾರ ಬಂದು ಹೊಟ್ಟೆತುಂಬ ಉಂಡು ಹೋಗಿದ್ದ. ಓದುಗರು ಕಾಗದ ಬರೆದಾಗ ಅಕ್ಕ ಅವನಿಗೊಬ್ಬ ಅವಳಿ ತಮ್ಮನನ್ನು ಹುಟ್ಟಿಸಿ ಪಾರಾದರು. ಪೆನ್ಸಿಲಣ್ಣ ಅದನ್ನು ಮರೆಯಲು ಬಿಡುತ್ತಿರಲಿಲ್ಲ. ಮನೆಗೆ ಯಾರೇ ಅನಿರೀಕ್ಷಿತವಾಗಿ ಬಂದರೂ, “ಪುಟ್ಟಿ, ನಿನ್ನ ಅವಳಿ ಮಾವ ಬಂದ ನೋಡು” ಎನ್ನುತ್ತಿದ್ದರು.

ಈ ಜಗಳ ಇಬ್ಬರಿಗೂ ಊಟದಷ್ಟೇ ರೂಢಿಯಾಗಿತ್ತು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಯಾರಾದರೂ ಕೊಳವೆ ಹೂಳುತ್ತಾರೆಯೇ ಎಂದು ಅಣ್ಣ ಕೇಳುವರು. ಕೊನೆ ಗೊತ್ತಿದ್ದರೆ ತನಗೆ ಬರೆಯಲು ಕೈಯೇ ಏಳದು, ಓದಿ ಮುಗಿಸಿದ ಪುಸ್ತಕವನ್ನು ನಕಲು ಮಾಡಿದ ಹಾಗಾಗುತ್ತದೆ ಎಂದು ತಂಗಿ ಹೇಳುವರು. ಒಮ್ಮೆ ಅಣ್ಣ, “ಅಳತೆ ತಗೊಳ್ದೆ ಬಟ್ಟೆ ಕತ್ತರಿಸ್ತೀಯಾ ನೀನು?” ಎಂದು ಕೆಣಕಿದರು. ಅಕ್ಕ ಯಂತ್ರದಿಂದ ತಲೆ ಎತ್ತಲಿಲ್ಲ. “ಬಟ್ಟೆ ಹಾಕ್ಕೊಳ್ಳೋರು ಮೊದಲೇ ಎದುರಿಗೆ ನಿಂತಿರ್ತಾರಣ್ಣ. ಕತೆಯೋರು ಹಾಗಲ್ಲ, ಬರೀತಾ ಬರೀತಾ ಒಬ್ಬೊಬ್ಬರೇ ಬರ್ತಾರೆ.”

ಆಮೇಲೆ ಪೆನ್ಸಿಲಣ್ಣನ ಕಣ್ಣು ಕೆಟ್ಟಿತು. ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿ ಅಂಚುಗಳಿಂದ ಒಳಕ್ಕೆ ಸವೆಯುವ ಕಾಯಿಲೆ. ಬದುಕಿಡೀ ಕೊಳವೆಯ ಒತ್ತಡ ಲೆಕ್ಕ ಹಾಕಿದವನಿಗೆ ಇದೇ ಬರಬೇಕೇ ಎಂದು ಕಚೇರಿಯಲ್ಲಿ ನಕ್ಕರು. ಮೊದಲು ನಕ್ಕವರು ಅವರೇ. ನಿವೃತ್ತಿಯಾಗಿ ಎರಡು ವರ್ಷವಾಗುವ ಹೊತ್ತಿಗೆ, ಒಮ್ಮೆ ನೋಡಿದರೆ ಅವರಿಗೆ ಕಾಣುತ್ತಿದ್ದುದು ಅಂಗಿಯ ಗುಂಡಿಯಷ್ಟು ಜಾಗ. ವರ್ಷ ಮುಗಿಯುವುದರೊಳಗೆ ಅದೂ ಹೋಗುತ್ತದೆ ಎಂದು ವೈದ್ಯರು ಹೇಳಿದರು. ನಕ್ಷೆ ಕಾಣುವಷ್ಟು ದಿನದೊಳಗೆ ಕಾದಂಬರಿ ಮುಗಿಯಬೇಕಿತ್ತು.

ಹಾಗಾಗಿ ಅವರು ನಕ್ಷೆಯ ಮೇಲೆ ಭೂತಗನ್ನಡಿ ಜರುಗಿಸುತ್ತ ಹೇಳಲು, ಅಕ್ಕ ಬರೆದುಕೊಳ್ಳಲು ಶುರುಮಾಡಿದರು. ಷರತ್ತು ಒಂದೇ. ಅಕ್ಕ ತನ್ನ ಕಡೆಯಿಂದ ಒಂದು ಪದವನ್ನೂ ಸೇರಿಸಬಾರದು. ಅಧ್ಯಾಯಕ್ಕೊಂದು ನೋಟ್‌ಪುಸ್ತಕ. ಅಣ್ಣ ಮುಟ್ಟಿ ಗುರುತಿಸಲಿ ಎಂದು ಅಕ್ಕ ಪ್ರತಿ ಪುಸ್ತಕದ ರಟ್ಟಿನ ಮೂಲೆಗೆ ದಪ್ಪ ನೂಲಿನಲ್ಲಿ ಗಂಟು ಹಾಕುತ್ತಿದ್ದರು. ಮೂರನೇ ಅಧ್ಯಾಯಕ್ಕೆ ಮೂರು ಗಂಟು, ಒಂಬತ್ತಕ್ಕೆ ಒಂಬತ್ತು.

ಹದಿಮೂರು ಮುಗಿದ ದಿನ ಪೆನ್ಸಿಲಣ್ಣ, ಹದಿನಾಲ್ಕು ಆಮೇಲೆ ಎಂದು ಹೇಳಿ ಹದಿನೈದಕ್ಕೆ ಹೋದರು. ನಕ್ಷೆ ಕೈಯಲ್ಲಿರುವಾಗ ಯಾವ ಭಾಗವನ್ನು ಮೊದಲು ಹೂತರೂ ಒಂದೇ, ಕೊನೆಗೆ ಕೂಡಿಯೇ ಕೂಡುತ್ತದೆ ಎಂಬುದು ಅವರ ವಾದ. ಅಕ್ಕನಿಗೆ ಇದು ತಲೆಬುಡವಿಲ್ಲದ ಮಾತಾಗಿ ಕಂಡಿತು. ಆದರೂ ಷರತ್ತಿನ ಪ್ರಕಾರ ತುಟಿ ಎರಡು ಮಾಡದೆ ಬರೆದರು. ಇಪ್ಪತ್ತೆರಡನೆಯದೂ ಮುಗಿಯಿತು. ಹದಿನಾಲ್ಕು ಮಾತ್ರ ಉಳಿಯಿತು. ಅದರಲ್ಲಿ ಕಥಾನಾಯಕನ ಹೆಂಡತಿ ಆಸ್ಪತ್ರೆಯಲ್ಲಿ ಸಾಯಬೇಕಿತ್ತು. ಪ್ರತಿ ಸಂಜೆ ಅಕ್ಕ ಪೆನ್ನು ಹಿಡಿದು ಕೂರುವರು. ಅಣ್ಣ ಇವತ್ತು ಸೆಕೆ ಎನ್ನುವರು, ನಾಳೆ ತಲೆನೋವು ಎನ್ನುವರು. ಹೀಗೆ ಐದು ವಾರ ಕಳೆಯಿತು.

ಆರನೆಯ ವಾರದ ಭಾನುವಾರ ನಾನು ಹೋದಾಗ ಅಕ್ಕ ಪರದೆ ಕೊಟ್ಟುಬರಲು ಹೋಗಿದ್ದರು. ಪೆನ್ಸಿಲಣ್ಣ ಒಂದು ನೋಟ್‌ಪುಸ್ತಕವನ್ನು ನನ್ನ ಕೈಗಿಟ್ಟು, ಗಂಟು ಎಣಿಸಲು ಹೇಳಿದರು. ಹದಿನಾಲ್ಕಿದ್ದವು. ಬಿದ್ದ ಭೂತಗನ್ನಡಿಗಾಗಿ ಹೊಲಿಗೆ ಯಂತ್ರದ ಕೆಳಗೆ ಕೈಯಾಡಿಸಿದಾಗ ಚಿಂದಿಯ ಬುಟ್ಟಿಯ ಹಿಂದೆ ಈ ಪುಸ್ತಕ ಸಿಕ್ಕಿತಂತೆ.

“ನಾನು ಹೇಳೇ ಇಲ್ಲ. ಇದೆಲ್ಲಿಂದ ಬಂತು? ಓದಯ್ಯ.”

ಅಕ್ಕನ ಕೈಬರಹದಲ್ಲಿ ಹದಿನಾರು ಪುಟ. ಕದ್ದು ಬರೆದ ಪುಸ್ತಕಕ್ಕೂ ಅಕ್ಕ ರೂಢಿಬಲದಿಂದ ಗಂಟು ಹಾಕಿದ್ದರು. ನಾನು ಓದಿದೆ. ನಾಲ್ಕನೇ ದಿನ ಹೆಂಡತಿಯ ಜ್ವರ ಇಳಿಯುತ್ತದೆ. ಕಿಟಕಿ ತೆರೆಯಿರಿ ಎನ್ನುತ್ತಾಳೆ. ನಕ್ಷೆಯ ಕೆಲಸದ ಗಂಡ ಎಂದಿನಂತೆ ತಡವಾಗಿ, ಎರಡು ಕಾಲಿಗೆ ಎರಡು ಜೊತೆಯ ಚಪ್ಪಲಿ ಮೆಟ್ಟಿಕೊಂಡು ಓಡಿಬರುತ್ತಾನೆ. ಅವಳು ಚಪ್ಪಲಿಯನ್ನೇ ನೋಡುತ್ತ, ನಿಮ್ಮ ನಕ್ಷೆಯಲ್ಲಿ ಈ ಆಸ್ಪತ್ರೆ ಸಿಕ್ಕಿತೇ ಎಂದು ಕೇಳುತ್ತಾಳೆ. ಅಲ್ಲಿ ನನಗೆ ನಗು ಬಂತು. ಪೆನ್ಸಿಲಣ್ಣ ನಗಲಿಲ್ಲ. ಸಾಕು ಎಂದು ಕೈ ಎತ್ತಿದರು.

ಅಕ್ಕ ಬಂದಾಗ ಪುಸ್ತಕ ಮೇಜಿನ ಮೇಲಿತ್ತು. ಅದನ್ನು ನೋಡಿ ಚೀಲವನ್ನು ಹೆಗಲಿನಿಂದ ಇಳಿಸುವುದನ್ನೇ ಮರೆತು ನಿಂತರು. ಕಣ್ಣು ಹೋಗುವುದರೊಳಗೆ ಮುಗಿಯಲಿ ಎಂದು ಬರೆದೆ, ಹದಿನೈದರಲ್ಲಿ ನಾಲ್ಕು ಸಾಲು ತಿದ್ದಿದರೆ ಕೂಡಿಕೊಳ್ಳುತ್ತದೆ ಎಂದರು.

“ನಾನು ಸಾಯಿಸೋಕೆ ನೋಡಿದೆ ಅಣ್ಣ. ಎರಡು ಸಲ ಹಾಸಿಗೆ ಮೇಲೆ ಮಲಗಿಸಿದೆ. ಎರಡು ಸಲಾನೂ ಎದ್ದು ಕೂತ್ಕೊಂಡ್ಲು. ಅತ್ತಿಗೆ ಥರಾನೇ ಮಾತಾಡೋಕೆ ಶುರು ಮಾಡಿದ್ಲು. ನಂಗೆ ಕೈ ಬರ್ಲಿಲ್ಲ.”

ಅತ್ತಿಗೆ ಎಂದರೆ ಪೆನ್ಸಿಲಣ್ಣನ ಹೆಂಡತಿ. ನಾನು ಆ ಕಚೇರಿಗೆ ಸೇರುವ ಮೊದಲೇ ತೀರಿಕೊಂಡಿದ್ದರು. ನಕ್ಷೆ ಶುರುವಾಗಿದ್ದು ಅದರ ಮರುವರ್ಷ.

“ಬದುಕಿಸೋಕೆ ನಂಗೂ ಬರ್ತಿತ್ತು, ಪುಟ್ಟಿ. ಒಂದು ಗೆರೆ ಮುಂದಕ್ಕೆ ಎಳೆದಿದ್ರೆ ಮುಗೀತಿತ್ತು,” ಎಂದರು ಪೆನ್ಸಿಲಣ್ಣ. ಆಮೇಲೆ ನನ್ನ ಕಡೆ ತಿರುಗಿ ಹೆಂಡತಿ ತೀರಿಕೊಂಡ ದಿನದ ಸಂಗತಿ ಹೇಳಿದರು. ದೊಡ್ಡ ಕೊಳವೆ ಒಡೆದು ಅರ್ಧ ಊರಿಗೆ ನೀರಿರಲಿಲ್ಲ. ಹೊಸ ದಾರಿಯ ನಕ್ಷೆ ಸಂಜೆಯೊಳಗೆ ಬೇಕಿತ್ತು. ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು. ಒಂದು ಗೆರೆ ಬಾಕಿ ಇದೆ, ಹೊರಟೆ ಎಂದು ಎರಡು ಸಲವೂ ಹೇಳಿದರು. ಹೋದಾಗ ಹಾಸಿಗೆಯ ಹೊದಿಕೆ ಬದಲಾಗಿತ್ತು.

“ಪುಟ್ಟಿ, ಅಲ್ಲಿ ನೀನಿದ್ದೆ. ನಾನಿರಲಿಲ್ಲ. ಹದಿಮೂರು ಅಧ್ಯಾಯ ಇರೋದು ಅವನನ್ನ ಆ ಬಾಗಿಲ ತನಕ ಹೊತ್ತಿಗೆ ಸರಿಯಾಗಿ ತರೋಕೆ. ಇಷ್ಟೂ ಗೆರೆ ಅದಕ್ಕೇ. ನೀನು ಅವನನ್ನ ಮತ್ತೆ ತಡ ಮಾಡ್ಸಿಬಿಟ್ಟೆ.”

ಅಕ್ಕ ಅಲ್ಲೇ ಕುರ್ಚಿಯಲ್ಲಿ ಕೂತರು. ಯಾರ ಮುಖ ನೋಡಬೇಕೆಂದು ತಿಳಿಯದೆ ನಾನು ಹರಡಿದ್ದ ನಕ್ಷೆ ನೋಡಿದೆ. ಇಪ್ಪತ್ತೊಂದು ವೃತ್ತಗಳೊಳಗೆ ಇರುವೆ ಸಾಲಿನಂಥ ಅಕ್ಷರ ತುಂಬಿತ್ತು. ಯಾರು ಎಲ್ಲಿ ನಿಂತಿದ್ದಾರೆ, ಏನು ಉಟ್ಟಿದ್ದಾರೆ, ಎಷ್ಟು ಹೊತ್ತಾಗಿದೆ, ಎಲ್ಲವೂ ಅಲ್ಲಿತ್ತು. ಹದಿನಾಲ್ಕನೆಯ ವೃತ್ತ ಖಾಲಿ. ಬರೆದು ಬರೆದು ರಬ್ಬರಿನಿಂದ ಉಜ್ಜಿ ಹಾಳೆ ಅಲ್ಲಿ ಬೆಳಕು ತೂರುವಷ್ಟು ತೆಳುವಾಗಿತ್ತು. ಅವರ ಸೆಕೆಗೂ ತಲೆನೋವಿಗೂ ಕಾರಣ ಅಲ್ಲಿತ್ತು. ಕಥಾನಾಯಕ ಬಾಗಿಲ ತನಕ ಬರುತ್ತಿದ್ದ. ಒಳಗೆ ಏನು ನಡೆಯಿತೆಂದು ಪೆನ್ಸಿಲಣ್ಣನಿಗೆ ಗೊತ್ತಿರಲಿಲ್ಲ. ತಂಗಿಯನ್ನು ಕೇಳುವ ಧೈರ್ಯವೂ ಇಷ್ಟು ವರ್ಷ ಬಂದಿರಲಿಲ್ಲ.

ಆ ದಿನ ಕೇಳಿದರು. “ಕೊನೇಲಿ ಏನಂದ್ಲು?”

ಅಕ್ಕ ಚೀಲವನ್ನು ಹೆಗಲಿನಿಂದ ಇಳಿಸಿ ಹೇಳಿದರು. “ಏನೂ ದೊಡ್ಡ ಮಾತಲ್ಲ ಅಣ್ಣ. ಗಂಟೆ ಎಷ್ಟಾಯ್ತು ಅಂತ ಕೇಳಿದ್ರು. ನಾಲ್ಕೂ ಹತ್ತು ಅಂದೆ. ಅಷ್ಟೇ.”

ಪೆನ್ಸಿಲಣ್ಣನ ಕೈ ಕಿವಿಯ ಮೇಲಿನ ಪೆನ್ಸಿಲಿಗೆ ಹೋಯಿತು. ಅದನ್ನು ತೆಗೆದು ಮೇಜಿನ ಮೇಲಿಟ್ಟು, ಬರ್ಕೋ ಎಂದರು. ಅಕ್ಕ ಹೊಸ ಪುಸ್ತಕ ತೆರೆದರು.

“ಅವನು ಬಾಗಿಲು ತೆರೆದಾಗ ಅವಳು, ಗಂಟೆ ಎಷ್ಟಾಯಿತು ಎಂದು ಕೇಳಿದಳು.”

ಅಕ್ಕ ಬರೆದು ಕಾದರು. ಆಮೇಲೆ ಎಂದು ಮೆಲ್ಲಗೆ ಕೇಳಿದರು.

“ಗೊತ್ತಿಲ್ಲ, ಪುಟ್ಟಿ.”

ಮುಂದಿನದು ಗೊತ್ತಿಲ್ಲದೆಯೇ ಹನ್ನೊಂದು ಕಾದಂಬರಿ ಬರೆದ ಹೆಂಗಸು ಅವರು. ಬೇಕಿದ್ದರೆ ಹತ್ತು ಸಾಲು ಹೇಳಿಕೊಡಬಹುದಿತ್ತು. ಒಂದು ಪದವನ್ನೂ ಹೇಳಿಕೊಡದೆ ಪೆನ್ನು ಹಿಡಿದು ಕೂತರು.

ಇದು ನಾಲ್ಕು ತಿಂಗಳ ಹಿಂದಿನ ಮಾತು. ಪೆನ್ಸಿಲಣ್ಣನಿಗೆ ಈಗ ಗುಂಡಿಯಷ್ಟು ಜಾಗವೂ ಕಾಣುವುದಿಲ್ಲ. ನಕ್ಷೆ ಸುರುಳಿಯಾಗಿ ಬೀರುವಿನ ಮೇಲಿದೆ. ಕೆಲವು ಸಂಜೆ ಒಂದು ಸಾಲು ಹೇಳುತ್ತಾರೆ, ಕೆಲವು ಸಂಜೆ ಹೇಳಿದ್ದನ್ನು ಹೊಡೆದುಹಾಕಿಸುತ್ತಾರೆ. ಹೋದ ಭಾನುವಾರ ಎಣಿಸಿದೆ, ಹನ್ನೊಂದು ಪುಟವಾಗಿದೆ. ಗಂಡ ಹೆಂಡತಿಗೆ ಗಂಟೆ ಹೇಳಿದ್ದಾನೆ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಿದ್ದಾನೆ, ನೀರು ಕುಡಿಸಿದ್ದಾನೆ. ಅವಳು ಇನ್ನೂ ಸತ್ತಿಲ್ಲ. ಪುಸ್ತಕದ ಮೂಲೆಗೆ ಅಕ್ಕ ಇನ್ನೂ ಗಂಟು ಹಾಕಿಲ್ಲ.