ಹಿಂಚಕ್ರಗಳ ವಕ್ರಗತಿ

ಬೀದಿನಾಯಿ ಓಡುವುದನ್ನು ನೀವು ಹಿಂದಿನಿಂದ ಗಮನಿಸಿದ್ದೀರಾ? ಮೂತಿ ನೇರವಾಗಿ ಊರಿನ ಕಡೆಗಿದ್ದರೂ ಹಿಂಗಾಲುಗಳು ಮಾತ್ರ ಪಕ್ಕದ ಮನೆಯ ವಿಚಾರಕ್ಕೆ ಹೊರಟಂತೆ ಓರೆಯಾಗಿರುತ್ತವೆ. ನಾಯಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಅದೇ ನಡಿಗೆ ನನ್ನ ಕಾರಿಗೆ ಬಂದಾಗ ಶಿಡ್ಲಘಟ್ಟದ ನಮ್ಮ ಬೀದಿಯವರು ನಕ್ಕರು. ಛಂದಸ್ಸು ಪಾಠ ಮಾಡುವ ಮೇಷ್ಟ್ರಾದ ನಾನು ಅದನ್ನು ಗತಿವೈಶಿಷ್ಟ್ಯವೆಂದು ಸಮರ್ಥಿಸಿಕೊಂಡೆ.

ಕಾರಿನ ವಿಷಯ ಹೇಳಬೇಕು. ಎರಡೇ ಸೀಟಿನ, ಕೆಂಪು ಬಣ್ಣದ, ನೆಲಕ್ಕೆ ಮುತ್ತಿಡುವಷ್ಟು ತಗ್ಗಾದ ಹಳೆಯ ಸ್ಪೋರ್ಟ್ಸ್ ಕಾರು ಅದು. ಯೌವನದಲ್ಲಿ ಇಂಥದೊಂದು ಬೇಕೆಂದು ಹಂಬಲಿಸಿದ್ದೆ. ಹಂಬಲ ಕೈಗೂಡುವ ಹೊತ್ತಿಗೆ ಹೊಟ್ಟೆ ಬಂದಿತ್ತು, ಮಂಡಿ ಹೋಗಿತ್ತು. ಅದರೊಳಗೆ ಕೂರುವುದೆಂದರೆ ಬಾವಿಗೆ ಇಳಿದಂತೆ. ಹೊರಬರುವಾಗ ಮೊದಲು ಒಂದು ಕಾಲು, ಆಮೇಲೆ ಒಂದು ನಿಟ್ಟುಸಿರು, ತುಸು ವಿರಾಮದ ನಂತರ ನಾನು. ಮಂಡಿಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಹೆಂಡತಿ ನಾಗರತ್ನ ಈ ಪ್ರಸವವನ್ನು ದಿನವೂ ಬಾಗಿಲಲ್ಲಿ ನಿಂತು ವೀಕ್ಷಿಸುತ್ತಿದ್ದಳು.

ಕಾರು ನೇರವಾಗಿ ಹೋಗಬೇಕಾದರೆ ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಹಿಡಿಯಬೇಕಿತ್ತು. ಚಿಂತಾಮಣಿಯ ಕಾಲೇಜಿಗೆ ಹಾಗೇ ಹೋಗಿ ಹಾಗೇ ಬರುತ್ತಿದ್ದೆ. ಆಗಾಗ ಅಲೈನ್‌ಮೆಂಟ್ ಮಾಡಿಸುತ್ತಿದ್ದೆನೆಂಬುದೂ ನಿಜ. ಮಾಡಿದವರೆಲ್ಲ ಮುಂದಿನ ಚಕ್ರಗಳನ್ನಷ್ಟೇ ಸರಿಪಡಿಸಿ ಕಳಿಸುತ್ತಿದ್ದರು. ಹಿಂದಿನವುಗಳಿಗೂ ಒಂದು ದಿಕ್ಕು ಇರುತ್ತದೆಂದು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ಭಾನುವಾರ ನಾಗರತ್ನಳ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಗೌರಿಬಿದನೂರಿಗೆ ಹೊರಟೆವು. ಚಿಕ್ಕಬಳ್ಳಾಪುರ ದಾಟಿ ಬೆಟ್ಟದ ತಿರುವುಗಳಿಗೆ ಬರುವಾಗ ಸಣ್ಣ ಹನಿ ಶುರುವಾಯಿತು. ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ನನ್ನ ಅಪ್ಪಣೆ ಕೇಳದೆ ಹೊರಕ್ಕೆ ಜಾರಿತು. ಎದುರಿಗೆ, ಗೌರಿಬಿದನೂರು ಕಡೆಯ ಕುಡುಮಲಕುಂಟೆಯಿಂದ ಕಾರ್ಖಾನೆಯವರನ್ನು ಕರೆತರುತ್ತಿದ್ದ ಬಸ್ಸು. ಮರಗಳು, ಬಂಡೆ, ಬಸ್ಸಿನ ಮೂತಿ ಎಲ್ಲ ಒಂದು ಸುತ್ತು ಬಂದವು. ಕಾರು ನಿಂತಾಗ ಅದರ ಮುಖ ನಾವು ಹೊರಟುಬಂದ ಊರಿನ ಕಡೆಗಿತ್ತು. ಬಸ್ಸು ಒಂದು ಮಾರಿನಷ್ಟು ದೂರದಲ್ಲಿ ನಿಂತಿತ್ತು.

ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಸಾರ್, ಮನೇಲಿ ಏನಾದ್ರೂ ಮರ್ತು ಬಂದ್ರಾ?" ಎಂದ.

ನಾಗರತ್ನ ಕೆಳಗಿಳಿದಳು. ಸೀರೆಯ ನೆರಿಗೆ ಸರಿಪಡಿಸಿಕೊಂಡಳು. ನನ್ನ ಕಡೆಗೆ ನೋಡದೆ ಅದೇ ಬಸ್ಸು ಹತ್ತಿ ವಾಪಸು ಹೊರಟಳು. ನಾನು ಮನೆ ಸೇರುವ ಹೊತ್ತಿಗೆ ಕಾಫಿ ಬೆರೆಸುತ್ತಿದ್ದಳು. ಲೋಟವನ್ನು ನನ್ನ ಮುಂದಿಟ್ಟಳು. "ಅದು ನೆಟ್ಟಗಾಗೋವರ್ಗೂ ನಾನು ಹತ್ತಲ್ಲ ರೀ," ಎಂದಳು, "ನೀವೂ ಹತ್ತಬಾರ್ದು." ಗತಿವೈಶಿಷ್ಟ್ಯದ ಮಾತನ್ನು ಅಂದಿಗೆ ಬಿಟ್ಟೆ.

ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಬಾಷಾ ನನ್ನ ಸ್ಕೂಟರಿನ ಕಾಲದಿಂದ ಪರಿಚಿತ. ಕಾರನ್ನು ಜಾಕಿನ ಮೇಲೆತ್ತಿ, ಹಿಂದಿನ ಚಕ್ರದ ಸಂದಿಗೆ ಕಬ್ಬಿಣದ ಸಲಾಕೆ ತೂರಿಸಿ ಮೀಟಿದ. ಚಕ್ರ ಹಾಲುಹಲ್ಲಿನಂತೆ ಅಲುಗಿತು. ಕೀಲುಗಳಲ್ಲಿ ಲೋಹಕ್ಕೆ ಲೋಹ ತಾಗದಂತೆ ಇರಬೇಕಾದ ರಬ್ಬರ್ ಬುಷ್ಷುಗಳು ಹಳೆಯ ರಸ್ಕಿನ ಹಾಗೆ ಉದುರಿದವು. ಶಾಕ್ ಅಬ್ಸಾರ್ಬರುಗಳು ಎಣ್ಣೆಯನ್ನೆಲ್ಲ ಕಕ್ಕಿಕೊಂಡು ನಿವೃತ್ತವಾಗಿದ್ದವು. "ರಬ್ಬರ್ ಸತ್ತೋಗೈತೆ ಸಾರ್. ಇದ್ನ ಇಟ್ಕೊಂಡು ಅಲೈನ್‌ಮೆಂಟ್ ಮಾಡ್ಸುದ್ರೆ, ಮೊದಲ್ನೇ ಗುಂಡಿ ತಂಕ ಅಷ್ಟೇ," ಎಂದ.

ಬುಷ್ಷುಗಳು ಬೆಂಗಳೂರಿನಿಂದ ಬಂದವು. ತುಕ್ಕು ಹಿಡಿದ ಬೋಲ್ಟುಗಳನ್ನು ಬಾಷಾ ಕತ್ತರಿಸಿ ತೆಗೆದ. ಹೊಸ ಉತ್ಸಾಹದಲ್ಲಿ ಎಡಗಡೆಯ ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳನ್ನು ಬಲಗಡೆಗೆ ಜೋಡಿಸಿ, ತನ್ನನ್ನೇ ಬೈದುಕೊಂಡು ಮತ್ತೆ ಬಿಚ್ಚಿದ. ಎಲ್ಲ ಕೂಡಿಸಿದ ಮೇಲೆ ಹೊಸ ಸಂಕಟ: ಅಲೈನ್‌ಮೆಂಟಿನವರ ಇಳಿಜಾರು ಕಟ್ಟೆ ಏರಲು ಹೋದರೆ ಕಾರಿನ ಹೊಟ್ಟೆ ತಗಲುತ್ತಿತ್ತು. ಈ ವಿಷಯದಲ್ಲಿ ಕಾರಿಗೂ ನನಗೂ ಸಹಾನುಭೂತಿಯಿತ್ತು. ಕೊನೆಗೆ ದಾರ ಕಟ್ಟಿ ಅಳೆಯೋಣವೆಂದು ತೀರ್ಮಾನಿಸಿ, ಕಾರಿನ ಎರಡೂ ಬದಿಗೆ ರೇಷ್ಮೆಯ ಹುರಿ ಎಳೆದು, ಯಾವುದು ನೇರವೆಂದು ಇಬ್ಬರೂ ಜಗಳವಾಡುತ್ತ ನಿಂತೆವು.

ಮಂಡಿಕಲ್ಲಿನಿಂದ ಶಾಲೆ ಮುಗಿಸಿ ಬಂದ ನಾಗರತ್ನ, ಕೆಲಸ ಎಲ್ಲಿಗೆ ಬಂತೆಂದು ಇಣುಕಿ ದಾರಗಳನ್ನು ನೋಡಿದಳು. ನಂತರ ಬ್ಯಾಗನ್ನು ಸ್ಟೂಲಿನ ಮೇಲಿಟ್ಟಳು.

"ದಾರಾನ ಚಕ್ರಕ್ಕೇ ತಾಗ್ಸಿ ಕಟ್ಟಿದೀರಲ್ಲ. ಮುಂದಿನ ಚಕ್ರಗಳ ನಡುವಿನ ಅಗಲಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಇದೆ. ಎರಡು ದಾರಾನೂ ಸಮಾನಾಂತರ ಆಗೋದು ಹೇಗೆ?"

"ಅದೇ ಮೇಡಂ, ನಾನೂ ಸಾರ್‌ಗೆ ಅದೇ ಹೇಳ್ತಿದ್ದೆ," ಎಂದ ಬಾಷಾ. ಅವನು ಹೇಳಿರಲಿಲ್ಲ.

ದಾರಗಳನ್ನು ಚಕ್ರದಿಂದ ದೂರಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಕಟ್ಟಿಸಿ, ಅವಳು ಸ್ಕೇಲು ಹಿಡಿದು ನೆಲದ ಮೇಲೆ ಕೂತಳು. ಚಕ್ರದ ಅಂಚಿನಿಂದ ದಾರಕ್ಕೆ ಮುಂದೆಷ್ಟು, ಹಿಂದೆಷ್ಟು ಎಂದು ಅಳೆದು ಹೇಳಿದಳು, ಬಾಷಾ ಬೋಲ್ಟು ತಿರುಗಿಸಿದ. ನಾನು ಏನು ಮಾಡಲಿ ಎಂದು ಕೇಳಿದಾಗ ಇಬ್ಬರೂ ಚಿಂತಿಸಿದರು. "ಓಡ್ಸೋರ ತೂಕ ಸೀಟಲ್ಲಿ ಇರ್ಬೇಕು ಸಾರ್. ಅಲ್ಲಾಡ್ದಂಗೆ ಕೂತ್ಕೊಳ್ಳಿ," ಎಂದ ಬಾಷಾ. ಆ ಇಡೀ ಮಹತ್ಕಾರ್ಯಕ್ಕೆ ನನ್ನ ಕಾಣಿಕೆ ನನ್ನ ತೂಕ. ಅದನ್ನು ನಾನು ಸಂಪೂರ್ಣವಾಗಿ ನೀಡಿದೆ.

ಮುಂದಿನ ಭಾನುವಾರ, ಬಾಷಾ ಮನೆಗೆ ತಂದು ಬಿಟ್ಟಿದ್ದ ಕಾರಿನೊಳಗೆ ನಾಗರತ್ನ ಯಾರೂ ಕರೆಯದೆ ಕೂತಳು. "ಮಗು ನೋಡ್ಬೇಕು, ನಡೀರಿ," ಎಂದಳು. ಊರು ದಾಟುತ್ತಿದ್ದಂತೆ ಕಾರು ಮೆಲ್ಲಗೆ ಎಡಕ್ಕೆ ಸರಿದು ಮಣ್ಣಿಗೆ ಇಳಿಯಿತು. ಎಳೆದು ತಂದೆ, ಮತ್ತೆ ಇಳಿಯಿತು. "ಬಾಷಾ ಕೆಲಸ ಕೆಡಿಸಿದಾನೆ," ಎಂದು ನಾನು ಗೊಣಗಿದೆ.

ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು. "ಅಷ್ಟು ಬಿಗಿಯಾಗಿ ಯಾಕೆ ಹಿಡ್ಕೊಂಡಿದೀರಾ? ಸ್ವಲ್ಪ ಸಡಿಲ ಬಿಡಿ."

ಬಿಟ್ಟೆ. ಸ್ಟಿಯರಿಂಗ್ ತಾನಾಗಿ ಮಧ್ಯಕ್ಕೆ ಬಂದು ನಿಂತಿತು, ಕಾರು ರಸ್ತೆಯ ಮೇಲೆ ಗೆರೆ ಎಳೆದಂತೆ ಸಾಗಿತು. ವಕ್ರತೆಯನ್ನು ಸರಿದೂಗಿಸುತ್ತ ಸರಿದೂಗಿಸುತ್ತ, ಅದು ಹೋದ ಮೇಲೂ ನಾನೊಬ್ಬನೇ ಸ್ಟಿಯರಿಂಗನ್ನು ಎಡಕ್ಕೆ ಹಿಡಿದುಕೊಂಡು ಬಂದಿದ್ದೆ.

ಈ ತತ್ತ್ವವನ್ನು ಒಂದಿಷ್ಟು ಸಂಸ್ಕೃತ ಬೆರೆಸಿ ಅವಳಿಗೆ ವಿವರಿಸೋಣವೆಂದು ಪಕ್ಕಕ್ಕೆ ನೋಡಿದೆ. ತಲೆಯನ್ನು ಸೀಟಿಗೆ ಒರಗಿಸಿಕೊಂಡು ನಾಗರತ್ನ ನಿದ್ದೆ ಹೋಗಿದ್ದಳು. ನಾನು ಸುಮ್ಮನೆ ಗಾಡಿ ಓಡಿಸಿದೆ. ಬೆಟ್ಟದ ತಿರುವುಗಳು ಒಂದೊಂದಾಗಿ ಬಂದು ಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ.